ಮಾವ ಉಳಿಸಿಕೊಟ್ಟ ಬೆಳ್ಳುಳ್ಳಿ

ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಹಟ ಹಿಡಿದು ಬಾವಿಯ ಪಕ್ಕದ ಮೂಲೆಯಲ್ಲಿ ಬೆಳ್ಳುಳ್ಳಿ ಹಾಕಿದೆ. ಹೊಲವೆಲ್ಲ ಹೊಗೆಸೊಪ್ಪಿಗೇ ಮೀಸಲಾಗಿದ್ದ ಮನೆ ಅದು. ಸೊಪ್ಪು ಮುರಿದಾದ ಮೇಲೆ ಖಾಲಿ ಬಿದ್ದಿದ್ದ ಆ ಜಾಗ ಕೇಳಿದಾಗ ಮಾವ ನಕ್ಕಿದ್ದರು. "ಬೆಳ್ಳುಳ್ಳಿ ಅಂಗಡೀಲಿ ಸಿಕ್ಕಲ್ವೇನವ್ವ? ಆಯ್ತು, ಆಕ್ಕೊ ಬುಡು."

ಹುಣಸೂರು ಸಂತೆಯಲ್ಲಿ ದಪ್ಪ ಗೆಡ್ಡೆಗಳನ್ನೇ ಆರಿಸಿ ತಂದು, ಎಸಳು ಬಿಡಿಸಿ, ಚೂಪು ತುದಿ ಮೇಲಕ್ಕೆ ಬರುವಂತೆ ಒಂದೊಂದನ್ನೇ ಊರಿದೆ. ಚಳಿಗಾಲವೆಲ್ಲ ಕಳೆ ಕಿತ್ತು ಸೊಂಟ ಹಿಡಿದುಕೊಂಡಿತು. ಶಿವರಾತ್ರಿ ಕಳೆದ ಮೇಲೆ ಎಲೆಗಳು ಹಳದಿಗೆ ತಿರುಗಿದವು. ಇನ್ನು ನೀರು ನಿಲ್ಲಿಸಿ, ನೆಲ ಒಣಗಲು ಬಿಟ್ಟು, ಕೀಳುವುದಷ್ಟೇ ಬಾಕಿ. ಅಷ್ಟರಲ್ಲಿ ತವರು ಸಾಲಿಗ್ರಾಮದಿಂದ ಅಣ್ಣ ಬಂದು, ಅವ್ವ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಾಳೆ ಎಂದ. ಉಟ್ಟ ಸೀರೆಯಲ್ಲೇ ಹೊರಟೆ, ನೀರು ನಿಲ್ಲಿಸಬೇಕೆಂದು ಯಾರಿಗೂ ಹೇಳಲಿಲ್ಲ. ಆಗ ನಮ್ಮ ಮನೆಗೆ ಫೋನು ಬಂದಿರಲಿಲ್ಲ.

ಅವ್ವ ಒಂದಿಷ್ಟು ಸುಧಾರಿಸಿದ ಮೇಲೆ ವಾಪಸು ಬಂದರೆ, ಮಾವ ಜಗಲಿಯಿಂದಲೇ ಕೂಗಿದರು.

"ನಿನ್ನ ಬೆಳ್ಳುಳ್ಳಿ ಉಳಿಸ್ಕೊಟ್ಟಿವ್ನಿ ಕಣವ್ವ! ಎಲೆಯೆಲ್ಲ ಒಣಗೋಗ್ತಿತ್ತು. ಕರೆಂಟು ಬಂದಾಗೆಲ್ಲ ಮೋಟ್ರು ಆಕಿ ನೀರು ಕಟ್ದೆ."

ಚೀಲ ಇಟ್ಟವಳೇ ಬಾವಿಯ ಹತ್ತಿರ ಓಡಿದೆ. ಕಾಲು ಕೆಸರಲ್ಲಿ ಹೂತಿತು. ಒಂದು ಗಿಡ ಕಿತ್ತೆ. ಸಿಪ್ಪೆ ಕಪ್ಪಾಗಿ ಕೊಳೆತು, ಎಸಳುಗಳೆಲ್ಲ ಒಡೆದು ಬಿಚ್ಚಿಕೊಂಡಿದ್ದವು. ಇನ್ನೊಂದು ಕಿತ್ತೆ. ಅದರಲ್ಲಿ ಆಗಲೇ ಹೊಸ ಮೊಳಕೆ ಬಂದಿತ್ತು. ಗಬ್ಬು ವಾಸನೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು?

ರಾತ್ರಿ ಊಟಕ್ಕೆ ಕೂತ ಗಂಡನಿಗೆ ಹೇಳಿದರೆ, "ಬುಡಮ್ಮಿ, ಒಳ್ಳೇದಾಗ್ಲಿ ಅಂತ ಮಾಡವ್ರೆ. ಖುಸಿಯಾಗವ್ರೆ," ಎಂದರು. ಮಾವ ಖುಷಿಯಾಗಿದ್ದರು, ನಿಜ. ಟೀ ಅಂಗಡಿಯಲ್ಲಿ, ಬಸ್ಸು ಕಾಯುವಲ್ಲಿ, ಮನೆಗೆ ಬಂದವರ ಮುಂದೆ ಎಲ್ಲ ಅದೇ ಮಾತು. ನಾನು ಕೊಳೆತದ್ದನ್ನು ತಿಪ್ಪೆಗೆ ಸುರಿದು, ಉಳಿದದ್ದನ್ನು ಅಟ್ಟದ ಮೇಲೆ ಹರಡಿ, ಹಲ್ಲು ಕಚ್ಚಿಕೊಂಡಿದ್ದೆ. ಒಂದು ದಿನ ಮಾವ ಪಕ್ಕದ ಮನೆಯಾಕೆಗೆ, "ನಮ್ ಸೊಸೆ ನೆಟ್ಬುಟ್ಟು ತೌರಿಗೆ ಹೊಂಟೋದ್ಲು. ಬೆಳೆಯೋದು ಅಂದ್ರೆ ಸುಮ್ನೆನಾ?" ಎಂದಾಗ ಮಾತ್ರ ತಡೆಯಲಾಗಲಿಲ್ಲ.

"ಮಾವ, ನೀವು ನೀರು ಕಟ್ಟಿದ್ದಕ್ಕೇ ಅದು ಕೊಳ್ತೋಗಿದ್ದು. ಎಲೆ ಒಣಗಿದ್ದು ಸಾಯಕ್ಕಲ್ಲ, ಬಲ್ತಿದ್ದಕ್ಕೆ."

ಮಾವ ನನ್ನನ್ನೇ ನೋಡಿದರು. ಹೆಗಲ ಟವೆಲು ಕೊಡವಿ ಎದ್ದು ಹೋದರು. ಆವತ್ತು ಅವರು ಮಧ್ಯಾಹ್ನದ ಮುದ್ದೆಗೂ ಬರಲಿಲ್ಲ. ಸಿಟ್ಟು ಹೊರಗೆ ಹಾಕಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ.

ಮರುವರ್ಷ ಮತ್ತೆ ಹಾಕಿದೆ. ಈ ಸಲ ಗಿಡ ಮೊಣಕಾಲುದ್ದ ಬೆಳೆದು, ಗೆಡ್ಡೆ ಕಟ್ಟುವ ಹೊತ್ತಿಗೆ ನೀರು ಬೇಕಾಯಿತು. ಮೋಟಾರು ಮನೆಯ ಬೀಗದ ಕೈ ಮಾವನ ಸೊಂಟದಲ್ಲಿ.

"ಮಾವ, ಬೆಳ್ಳುಳ್ಳಿಗೆ ಒಸಿ ನೀರು ಬಿಡಿ."

"ನೀರು ಕಟ್ಟುದ್ರೆ ಕೊಳೀತದೆ ಅಂದೋಳು ನೀನೇ ಅಲ್ವಾ?"

"ಅದು ಬಲ್ತ ಮೇಲೆ. ಈಗ ಬೇಕು."

"ನಂಗೆ ಅವೆಲ್ಲ ತಿಳಿಯಕಿಲ್ಲ ಕಣವ್ವ. ಆಮೇಲೆ ನನ್ನ ಮೇಲೆ ಬತ್ತದೆ."

ವ್ಯಂಗ್ಯವಿರಲಿಲ್ಲ. ನಿಜಕ್ಕೂ ಹೆದರಿದ್ದರು. ಅದೇ ನನ್ನನ್ನು ಇನ್ನಷ್ಟು ರೇಗಿಸಿತು. ನಾನೇ ಬಿಂದಿಗೆಯಲ್ಲಿ ಸೇದಿ ಹೊತ್ತು ಹಾಕಿದೆ. ಎಷ್ಟು ಮಡಿಗೆ ಸಾಲುತ್ತದೆ? ಗಂಡ ಬೀಗದ ಕೈ ಇಸಿದುಕೊಳ್ಳುವಷ್ಟರಲ್ಲಿ ಎಲೆಗಳು ಬಾಡಿ ಮಲಗಿದ್ದವು.

ಕಿತ್ತಾಗ ಗೆಡ್ಡೆಗಳು ಗೋಲಿಯಷ್ಟಿದ್ದವು. ಎಸಳು ಬಿಡಿಸಲು ಕೂತರೆ ಉಗುರಿನ ಸಂದು ಉರಿಯಿತು. ಮಾವ ಬಂದು ಎದುರಿಗೆ ಕೂತು, ತಾವೂ ಒಂದು ಹಿಡಿ ಎಳೆದುಕೊಂಡು ಸುಲಿಯತೊಡಗಿದರು.

"ಘಾಟು ಚೆನ್ನಾಗದೆ ಕಣವ್ವ," ಎಂದರು ಕೊನೆಗೆ, ಬೆರಳು ಮೂಸಿಕೊಂಡು. "ಮುಂದ್ಲ ವರ್ಸ ಯಾವಾಗ ನೀರು ಕಟ್ಬೇಕು ಅಂತ ಮೊದ್ಲೇ ಯೋಳ್ಬುಡು."

ನಾನು ಸಿಪ್ಪೆ ಗುಡಿಸಿಕೊಂಡು ಎದ್ದೆ. ಮುಂದಿನ ವರ್ಷ ನಾನು ಜಾಗ ಕೇಳಲಿಲ್ಲ; ಆ ಮೂಲೆಗೂ ಹೊಗೆಸೊಪ್ಪು ಬಂತು.