ಉಷಾಳ ಹಿತ್ತಲಿನ ಸೆಲರಿ

ನಮ್ಮ ಪಕ್ಕದ ಮನೆಯ ಉಷಾ ಅಮೆರಿಕ ಕಂಡವಳಲ್ಲ. ದಾವಣಗೆರೆಯವಳು, ಗಂಡ ತೀರಿಕೊಂಡು ಎಂಟು ವರ್ಷ, ಸಿಡ್ನಿಯಿಂದ ಒಂದೂವರೆ ಗಂಟೆ ವಿಮಾನ ದಾರಿಯ ನಮ್ಮ ಟ್ರುಗನಿನಾದ ಗೋದಾಮಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುವ ಕೆಲಸ. ಆದರೂ ಪ್ರತಿ ಶುಕ್ರವಾರ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಅಮೆರಿಕದ ಆಮಿಶ್ ಜನರ ಪ್ರೇಮಕಥೆಯೊಂದನ್ನು ಕಂತು ಕಂತಾಗಿ ಬರೆಯುತ್ತಿದ್ದಳು. ಕಾರು, ಕರೆಂಟು ಬೇಡವೆಂದು ಕುದುರೆಗಾಡಿಯಲ್ಲಿ ಓಡಾಡುವ ಕ್ರೈಸ್ತರು ಅವರು. ಕಥೆಯಲ್ಲಿ ಯಾರೋ ಊರಿನ ಕಣಜಗಳಿಗೆ ಬೆಂಕಿ ಇಡುತ್ತಿದ್ದಾರೆ. ನಾಯಕಿ ರೆಬೆಕ್ಕಳಿಗೆ ತಾನು ಮೆಚ್ಚಿದ, ರಾತ್ರಿ ಕದ್ದು ಓಡಾಡುವ ಡೇನಿಯಲ್ ಮೇಲೆಯೇ ಅನುಮಾನ. ನಾನಂತೂ ಶುಕ್ರವಾರ ಸಾರಿಗೆ ಉಪ್ಪು ಹಾಕುವುದನ್ನೂ ಮರೆಯುತ್ತಿದ್ದೆ.

ಮೂರನೇ ಕಂತಿನಲ್ಲಿ ಈ ಮಹಾತಾಯಿ ಉಷಾ ಆಮಿಶ್ ಮದುಮಗಳಿಗೆ ಅರಿಸಿನ ಹಚ್ಚಿಸಿ, ಫೋಟೋಗ್ರಾಫರನ್ನೂ ಕರೆಸಿದಳು. ನಾವೆಲ್ಲ ಆಹಾ ಓಹೋ ಎಂದೆವು. ಸಿಡ್ನಿಯಿಂದ ಒಬ್ಬರು ಮಾತ್ರ ಬರೆದರು: ‘ಅವ್ರು ಫೋಟೋ ತೆಗಸ್ಕೊಳ್ಳಂಗಿಲ್ರೀ.’

‘ಯಾರೇ ವಾಸಂತಿ ಈ ಮಹಾನುಭಾವ?’ ಎಂದು ಉಷಾ ನನ್ನ ಮೇಲೆ ಹರಿಹಾಯ್ದಳು. ನಾನೇನು ಮಾಡಲಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಅವರು ಹೊಸಪೇಟೆಯ ವಿರುಪಾಕ್ಷ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಐಟಿ ಕೆಲಸ, ಹೆಂಡತಿ ಇಲ್ಲ. ಹಿಂದೆ ಎರಡು ವರ್ಷ ಪೆನ್ಸಿಲ್ವೇನಿಯಾದಲ್ಲಿದ್ದು, ಆಮಿಶ್ ಸಂತೆಯಲ್ಲಿ ತರಕಾರಿ ಕೊಂಡವರು. ವಾರವಾರವೂ ತಪ್ಪು ಹುಡುಕಿದರು, ಉಷಾ ವಾರವಾರವೂ ಜಗಳಾಡಿದಳು. ಒಂಬತ್ತನೇ ಕಂತಿಗೆ ಜಗಳ ಫೋನಿಗೇರಿತ್ತು. ಆ ಕಂತಿಗೆ ಅವರೇ ಒಂದು ಸಂಗತಿ ಹೇಳಿಕೊಟ್ಟರು: ಅಲ್ಲಿ ಮದುವೆ ಗೊತ್ತಾದದ್ದನ್ನು ಗುಟ್ಟಾಗಿಡುತ್ತಾರಂತೆ. ಆದರೆ ಮದುವೆ ಊಟಕ್ಕೆ ರಾಶಿ ಸೆಲರಿ ಸೊಪ್ಪು ಬೇಕು. ಹೆಣ್ಣಿನ ಮನೆಯವರು ಹಿತ್ತಲ ತುಂಬ ಸೆಲರಿ ನೆಟ್ಟರೆ ನೆರೆಯವರು ಮುಸಿಮುಸಿ ನಗುತ್ತಾರಂತೆ.

ಆಗಸ್ಟಿನಲ್ಲಿ ಉಷಾ ನೆಂಟರ ಗೃಹಪ್ರವೇಶಕ್ಕೆ ಸಿಡ್ನಿಗೆ ಹೋದಳು. ಹ್ಯಾರಿಸ್ ಪಾರ್ಕಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ವಿರುಪಾಕ್ಷ ಕೇಳಿಯೇಬಿಟ್ಟರು: ‘ನಾವಿಬ್ರೂ ಮದುವಿ ಆಗೋಣೇನ್ರೀ?’

‘ಕಥೆ ಮುಗೀಲಿ, ಹೇಳ್ತೀನಿ’ ಎಂದು ಬಂದವಳು ಕಥೆಯನ್ನೇ ನಿಲ್ಲಿಸಿದಳು. ಒಂದು ಶುಕ್ರವಾರ ಹೋಯಿತು, ಎರಡು ಹೋಯಿತು, ಐದು ಹೋಯಿತು.

‘ಈ ವಯಸ್ಸಲ್ಲಿ ಮದುವೆ ಅಂದ್ರೆ ಜನ ಏನಂತಾರೆ?’ ಎಂದಳು. ಅವಳ ಮಗಳು ಅನಘಾ, ‘ಅಮ್ಮ, ಜಸ್ಟ್ ಸೇ ಯೆಸ್’ ಎಂದು ಕಾಲೇಜಿಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ‘ಜನ ಬಂದು ನಿನಗೆ ಜ್ವರದಲ್ಲಿ ಗಂಜಿ ಕಾಯಿಸಿ ಕೊಡ್ತಾರೇನೇ?’ ಎಂದೆ. ಅತ್ತ ವಿರುಪಾಕ್ಷ ನನಗೆ ಫೋನ್ ಮಾಡಿದರು: ‘ಅಕ್ಕಾರ, ನಾ ಕೇಳಿದ್ದು ತಪ್ಪಾತೇನ್ರೀ?’ ಪಾಪ ಅನ್ನಿಸಿ ಕಣ್ಣು ತುಂಬಿತು.

ಅಕ್ಟೋಬರಿನ ಒಂದು ಶುಕ್ರವಾರ ಕರಿಬೇವು ಕೇಳಲು ಅವಳ ಹಿತ್ತಲಿಗೆ ಹೋದೆ. ಮೆಂತ್ಯದ ಮಡಿ ಮಾಯ! ಬೇಲಿಯಿಂದ ಬೇಲಿಗೆ ಸಾಲು ಸಾಲಾಗಿ ಎಳೆಯ ಸೆಲರಿ ಸಸಿಗಳು. ಆ ಮನೆಯಲ್ಲಿ ಸೆಲರಿಯ ವಾಸನೆಯೇ ಯಾರಿಗೂ ಆಗುವುದಿಲ್ಲ.

‘ಅಯ್ಯೋ ಕಳ್ಳಿ!’ ಎಂದು ಕೂಗಿ ಫೋನ್ ತೆಗೆದೆ.

ಕೆಸರುಗೈಯಲ್ಲೇ ಉಷಾ ಅಡ್ಡ ಬಂದಳು. ಮುಖ ಕೆಂಪಗಾಗಿತ್ತು. ‘ಫೋಟೋ ತೆಗೀಬೇಡ ಕಣೇ. ಅವರಲ್ಲಿ ತೆಗೆಯಲ್ಲ.’

ಸಂಜೆ ಕೊನೆಯ ಕಂತು ಬಂತು. ಬೆಂಕಿ ಇಟ್ಟವನು ಡೇನಿಯಲ್ ಅಲ್ಲ, ಊರಿನವರ ಜಮೀನಿನ ಮೇಲೆ ಕಣ್ಣಿಟ್ಟಿದ್ದ ದಲ್ಲಾಳಿ. ಡೇನಿಯಲ್ ಕದ್ದು ಓಡಾಡುತ್ತಿದ್ದದ್ದು ಎಲ್ಲರ ಕಣಜದ ಬಳಿ ನೀರಿನ ಬಕೆಟ್ ಇಡಲು. ಕಡೆಯ ಸಾಲು ಹೀಗಿತ್ತು: ‘ಮರುದಿನ ರೆಬೆಕ್ಕ ಹಿತ್ತಲ ತುಂಬ ಸೆಲರಿ ನೆಟ್ಟಳು, ಪಕ್ಕದ ಮನೆಯ ಬಾಯಿಬಡುಕಿ ಅದನ್ನು ಕಂಡಳು.’

ಗುಂಪಿನಲ್ಲಿ ಅರವತ್ತು ಜನ ಚಪ್ಪಾಳೆ ಕಳಿಸಿದರು. ಕೊನೆಗೆ ವಿರುಪಾಕ್ಷ ಬರೆದರು: ‘ಈ ಸಲ ಒಂದೂ ತಪ್ಪಿಲ್ರೀ. ನಾಳೆ ಬೆಳಗಿನ ಫ್ಲೈಟಿಗೆ ಬರ್ತೀನಿ, ಸಸಿಗೆ ನೀರು ಹಾಕಾಕ.’