ಕಾಮಣಿಯಲ್ಲದ ಹಳದಿ

ಸುರಪುರದಲ್ಲಿ ಬಸ್ಸಿಳಿದು, ಮೆಡಿಕಲ್‌ನಲ್ಲಿ ಮಾತ್ರೆ ಕೊಂಡು, ರಂಗಂಪೇಟೆಯ ನಾದಿನಿಯ ಮನೆಗೆ ಹೋದಾಗ ಆಕೆಯ ಗಂಡ ಮಗಳ ಕಾಲುಗಳ ಮೇಲೆ ಕೂತಿದ್ದ. ಹುಡುಗಿಯ ಮಣಿಕಟ್ಟಿನ ಬರೆ ಇನ್ನೂ ಹಸಿಯಾಗಿತ್ತು, ಅಂಚಿಗೆ ಕೀವು. ಒಲೆಯಲ್ಲಿ ಕುಡುಗೋಲು ಕೆಂಪಗಾಗುತ್ತಿತ್ತು. ಬರೆ ಹಾಕುವವನು ಬೀಡಿ ಸೇದುತ್ತ ಕಾಯುತ್ತಿದ್ದ.

ಹುಡುಗಿಗೆ ಹನ್ನೆರಡು. ನಾಲ್ಕು ಮೆಟ್ಟಿಲು ಹತ್ತಿದರೆ ಕುಸಿಯುತ್ತಿದ್ದಳು. ಸೋಗು ಹಾಕುತ್ತಾಳೆಂದು ಅಪ್ಪ ಬೆಲ್ಟಿನಿಂದ ಬಾರಿಸಿದ್ದ. ಬೆನ್ನ ಮೇಲೆ ಬಕಲಿನ ಗುರುತು ನಾನೇ ಕಂಡಿದ್ದೇನೆ. ಕೊನೆಗೆ ಕಲಬುರಗಿಯ ಡಾಕ್ಟರು ನನಗೂ ನಾದಿನಿಗೂ ಬಿಡಿಸಿ ಹೇಳಿದರು. ಜೀವಕೋಶದೊಳಗೆ ಮೈಟೊಕಾಂಡ್ರಿಯಗಳಿವೆ, ಅಲ್ಲಿ ಪ್ರೋಟಾನುಗಳನ್ನು ಹೊರಗೆ ತಳ್ಳುವ ಪ್ರೋಟೀನುಗಳಿವೆ, ಮೈಯ ಶಕ್ತಿಯೆಲ್ಲ ಆ ತಳ್ಳಾಟದಿಂದ. ಅವುಗಳಲ್ಲಿ ಒಂದಕ್ಕೆ ಬಿ-ಟೂ ವಿಟಮಿನ್ನಿನಿಂದಾಗುವ ಸಹಾಯಕ ಅಣು ಅಂಟಿಕೊಂಡಿರಬೇಕು. ಈಕೆಯಲ್ಲಿ ಅದು ನೆಟ್ಟಗೆ ನಿಲ್ಲುತ್ತಿಲ್ಲ. ಆ ವಿಟಮಿನ್ನನ್ನೇ ಹೆಚ್ಚು ಕೊಟ್ಟರು. ಕೆಲವೇ ವಾರಗಳಲ್ಲಿ ಹುಡುಗಿ ನಲ್ಲಿಯಿಂದ ಕೊಡ ಹೊತ್ತು ತಂದಳು.

ಮೂತ್ರ ಹಳದಿಯಾದೀತು, ಹೆದರಬೇಡಿ ಎಂದೂ ಹೇಳಿದ್ದರು. ನಾದಿನಿ ನಾಚಿಕೊಂಡು ತನ್ನ ಅತ್ತೆಗೆ ಅದನ್ನು ತಿಳಿಸಲಿಲ್ಲ. ಬಚ್ಚಲಲ್ಲಿ ಹಳದಿ ಕಂಡ ಮುದುಕಿ ಕಾಮಣಿ, ಅಂದರೆ ಕಾಮಾಲೆ, ಎಂದಳು. ನಮ್ಮ ಕಡೆ ಕಾಮಣಿಗೆ ಬರೆಯೇ ಔಷಧ. ಮಾತ್ರೆಗಳು ಗಟಾರಕ್ಕೆ ಹೋದವು, ಹುಡುಗಿ ಮತ್ತೆ ಕುಸಿದಳು. ಕಾಮಣಿ ಒಳಗೆ ಹೊಕ್ಕಿದೆ ಎಂದು ಈಗ ಎರಡನೆಯ ಬರೆ.

"ಬಿಡ್ರಿ ಅಣ್ಣಾ ಆಕಿನ್ನ," ಅಂದೆ.

"ನೀ ಕ್ರಿಶ್ಚನ್ ಸಿಸ್ಟರಗೋಳ ಸಾಲ್ಯಾಗ ಓದಿದಾಕಿ," ಅಂದಳು ಮುದುಕಿ. "ಕಾಮಣಿ ನಿನಗೇನ್ ಗೊತ್ತವಾ?"

ತಂದಿದ್ದ ಪಟ್ಟಿ ಹರಿದು ಒಂದು ಮಾತ್ರೆ ನಾನೇ ನುಂಗಿದೆ. "ಊಟದ ತನಕ ತಡೀರಿ. ನಂದೂ ಹಳದಿ ಆದ್ರ ಮೊದಲ ನನಗ ಬರಿ ಹಾಕ್ರಿ."

ಅಪ್ಪ ಎದ್ದು ಬಾಗಿಲಲ್ಲಿ ಕೂತ. ಬರೆಯವನು ಕುಡುಗೋಲನ್ನು ಕೆಂಡದಲ್ಲೇ ಇಟ್ಟುಕೊಂಡ.

ಊಟದ ಹೊತ್ತಿಗೆ ಬಚ್ಚಲಿನಿಂದ ಸ್ಟೀಲಿನ ಚಂಬು ತಂದು ಎಲ್ಲರ ನಡುವೆ ಇಟ್ಟೆ. ಒಳಗೆ ಅರಿಸಿನ ಕದಡಿದಂಥ ಹಳದಿ.

"ಆ ಚಂಬು ಇನ್ನ ಮನ್ಯಾಗ ಬ್ಯಾಡ," ಅಂದಳು ಮುದುಕಿ, ಸೆರಗು ಮೂಗಿಗೆ ಒತ್ತಿ.

ಅಪ್ಪ ಚಂಬು ನೋಡಿದ, ಮಗಳ ಮಣಿಕಟ್ಟು ನೋಡಿದ. ಎದ್ದವನೇ ಬರೆಯವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ತುಟಿ ಸೀಳಿತು, ಬೀಡಿ ರಕ್ತಕ್ಕೆ ಅಂಟಿತು. "ಕಾಮಣಿ ಅಂದಾಕಿ ನಿಮ್ಮವ್ವರಿ, ನಾ ಅಲ್ರಿ," ಅನ್ನುತ್ತಲೇ ಇದ್ದ ಅವನು, ಪ್ರತಿ ಗುದ್ದಿಗೂ. ಅವನು ಓಣಿಗೆ ಬಿದ್ದು ಓಡುವ ತನಕ ಅಪ್ಪ ನಿಲ್ಲಿಸಲಿಲ್ಲ.

ಆಮೇಲೆ ಕೈ ತೊಳೆದು ಬಂದು, ಮಾತ್ರೆ ಬಿಡಿಸಿ ಮಗಳ ಮುಂದೆ ಹಿಡಿದ. ಗೆಣ್ಣುಗಳ ಮೇಲಿನ ಚರ್ಮ ಸುಲಿದಿತ್ತು. ಹುಡುಗಿ ಎರಡೂ ಕೈ ತೊಡೆಯ ಕೆಳಗೆ ಸೇರಿಸಿಕೊಂಡು ಗೋಡೆಗೆ ಸರಿದಳು. ಮಾತ್ರೆ ನಾನು ಇಸಿದುಕೊಂಡೆ. ನನ್ನೆದುರೂ ಕೈ ಹೊರಗೆ ತೆಗೆಯಲಿಲ್ಲ, ಬಾಯಿ ತೆರೆದಳು.