ಅಳತೆ ಮರೆತ ಕೈ

ಫೆಸ್ ಊರಿನ ಹಳೆಪೇಟೆಯಲ್ಲಿ ತಿಂಡಿ ಸುತ್ತಲು ತಾಮೂಳ ವರ್ಕಾ ಹಾಳೆಯಿಲ್ಲದೆ ಮದುವೆಯಿಲ್ಲ, ರಂಜಾನ್ ಇಲ್ಲ. ಜಿಗುಟು ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಕುಣಿಸುತ್ತ, ಕಾದ ತಟ್ಟೆಗೆ ಪಟಪಟನೆ ಮುಟ್ಟಿಸಿ ತೆಗೆದರೆ ಈರುಳ್ಳಿ ಸಿಪ್ಪೆಯಂಥ ಹಾಳೆ ಏಳುತ್ತಿತ್ತು. ನಲವತ್ತು ವರ್ಷದ ಕಸುಬು. ಬಾಯಿ ಎಷ್ಟು ಜೋರೋ ಕೈ ಅಷ್ಟೇ ನಯ.

ಚಳಿಗಾಲದ ಒಂದು ಬೆಳಿಗ್ಗೆ ತಲೆ ಗಿರ್ರೆಂದಿತು. ಆಮೇಲೆ ಬಲಗೈ ಹೇಳಿದ ಮಾತು ಕೇಳಲಿಲ್ಲ. ಲೋಟಕ್ಕೆ ಚಾಚಿದರೆ ಲೋಟ ದಾಟಿ ಹೋಗುತ್ತಿತ್ತು. ಹಿಟ್ಟು ಮುಟ್ಟಿಸಲು ಹೋಗಿ ಬೆರಳು ಸುಟ್ಟುಕೊಂಡಳು. "ಯಾರದೋ ಕಣ್ಣು ಬಿದ್ದಿದೆ ಕಣೇ" ಎಂದು ನೆರೆಯ ಬತೂಲ್ ಹರ್ಮಲ್ ಬೀಜದ ಹೊಗೆ ಹಾಕಿದಳು. ಮನೆಮಂದಿ ಕೆಮ್ಮಿದ್ದೇ ಬಂತು. ಕೊನೆಗೆ ಸೊಸೆ ಇಕ್ರಾಮ್ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ಲಮ್ಯಾ ಅದೇ ಓಣಿಯಲ್ಲಿ ಬೆಳೆದ ಹುಡುಗಿ. "ಕೈಗೇನೂ ಆಗಿಲ್ಲ ದೊಡ್ಡಮ್ಮ. ತಲೆ ಹಿಂದೆ, ದೊಡ್ಡ ಮೆದುಳಿನ ಕೆಳಗೆ ಒಂದು ಕಿರುಮೆದುಳಿದೆ. ನೀವು ವರ್ಕಾ ಒಟ್ಟಿಡ್ತೀರಲ್ಲ, ಹಾಗೆ ಪದರದ ಮೇಲೆ ಪದರ. 'ಕೈ ಚಾಚು' ಅಂತ ಹೇಳೋದು ದೊಡ್ಡ ಮೆದುಳು. ಎಷ್ಟು ಚಾಚ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ತಿದ್ದೋದು ಈ ಕಿರಿದು. ಬಲಗೈಯನ್ನ ತಿದ್ದೋದು ಅದರ ಬಲಭಾಗ. ಅಲ್ಲಿಗೇ ರಕ್ತ ಹೋಗೋದು ನಿಂತಿತ್ತು."

"ನಲವತ್ತು ವರ್ಷ ದುಡಿದಿದ್ದು ಇದಾ? ಒಂದಿನಾನೂ ಹೇಳ್ಕೊಳ್ಳಲಿಲ್ವಲ್ಲ!"

"ಅದು ತಪ್ಪು ಮಾಡಿ ಮಾಡೇ ಕಲಿಯೋದು. ಮತ್ತೆ ಕಲಿಸಿ."

ತಾಮೂ ಎರಡು ತಿಂಗಳು ತಣ್ಣನೆಯ ತಟ್ಟೆಯ ಮೇಲೆ ಕೈಗೆ ಕಲಿಸಿದಳು. ಓಣಿಯವರು ಅಂಗಡಿ ವರ್ಕಾ ತಿನ್ನುವ ರಂಜಾನ್ ಬಂದೀತೆಂದು ಒಬ್ಬಳೇ ಕೂತು ಅತ್ತದ್ದೂ ಉಂಟು.

ರಂಜಾನಿಗೆ ಹದಿನೈದು ದಿನವಿರುವಾಗ ಬತೂಲ್ ಬಂದಳು. "ಐವತ್ತು ಹಾಳೆ ಬೇಕು. ತೂತಿದ್ರೂ ಪರವಾಗಿಲ್ಲ, ನಮ್ಮನೆಯವ್ರಿಗೆ ಕಣ್ಣು ಕಾಣಲ್ಲ."

ತಟ್ಟೆ ಕಾಯಿತು. ತಾಮೂ ಕೈಯನ್ನೇ ದಿಟ್ಟಿಸಿದಳು. ದಿಟ್ಟಿಸಿದಷ್ಟೂ ಅದು ನಡುಗಿತು. ಮೂರು ಹಾಳೆ ಹರಿದವು. ಅಷ್ಟರಲ್ಲಿ ಇಕ್ರಾಮ್ ಒಲೆಯ ಉರಿ ಏರಿಸಿಬಿಟ್ಟಳು.

ತಾಮೂ ಸರ್ರನೆ ಅತ್ತ ತಿರುಗಿದಳು. "ಈ ಮನೆಗೆ ಬಂದು ಆರು ವರ್ಷ ಆಯ್ತು, ಇನ್ನೂ ಉರಿ ಇಡೋಕೆ ಬರಲ್ವಾ? ನಿಮ್ಮಮ್ಮ ನಿಂಗೆ ಕಲಿಸಿದ್ದಾದ್ರೂ ಏನೇ? ಕನ್ನಡಿ ನೋಡೋದಾ?" ಬೈಗುಳ ಓಡಿತು. ಅದರ ಜೊತೆ, ಅವಳು ನೋಡದೆಯೇ, ಕೈಯೂ ತಟ್ಟೆಯ ಮೇಲೆ ಪಟಪಟನೆ ಓಡಿತು.

ಇಕ್ರಾಮ್ ಹಾಳೆಯ ಅಂಚು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ತೂತೂ ಇರಲಿಲ್ಲ.

ಬೈಗುಳ ಅರ್ಧಕ್ಕೇ ಬಿಟ್ಟು ತಾಮೂ ಹಾಳೆಯತ್ತ ಬಗ್ಗಿದಳು.

"ನಿಲ್ಲಿಸ್ಬೇಡಿ ಅತ್ತೆ," ಇಕ್ರಾಮ್ ಕಣ್ಣೊರೆಸಿಕೊಂಡಳು. "ಇನ್ನೂ ನಲವತ್ತೊಂಬತ್ತಿದೆ. ನಮ್ಮಪ್ಪನ ಬಗ್ಗೆ ನೀವಿನ್ನೂ ಏನೂ ಅಂದೇ ಇಲ್ಲ."